ಮಳೆ ಎಷ್ಟೆಂದು ಬರೆದು ತಿಳಿಸಿ

ನಮ್ಮ ಆಫೀಸಿನ ಮೆಸೆಂಜರಿನಲ್ಲಿ ಮೈಕಿನ ಗುರುತು ಮಾಯವಾದದ್ದು ಕಂಪ್ಯೂಟರಿನ ದೋಷದಿಂದ ಎಂದು ಈಗಲೂ ಕೆಲವರು ಹೊರಗಿನವರಿಗೆ ಹೇಳುತ್ತಾರೆ. ದೋಷ ಗೀಷ ಏನಿಲ್ಲ. ಅದನ್ನು ತೆಗೆದವಳು ನಾನು. ಒಂದು ಬುಧವಾರ ಬೆಳಿಗ್ಗೆ ಟೀ ಕುಡಿಯುತ್ತಾ, ಪೂರ್ತಿ ಬುದ್ಧಿ ನೆಟ್ಟಗಿದ್ದಾಗಲೇ, ಪಾಸ್‌ವರ್ಡ್ ಹೊಡೆದು ತೆಗೆದೆ. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು, ಅವರು ಬೇಡ ಅಂದದ್ದು ನನಗೆ ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ.

ನನಗೆ ಕಿವಿ ಕೇಳಿಸುವುದಿಲ್ಲ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯದು ಅರೆಬರೆ. ನಮ್ಮ ಅಜ್ಜ ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರಕ್ಕೆ ಬಂದು ಜಮೀನು ಮಾಡಿದವರು. ಮನೆಯಲ್ಲಿ ಎಲ್ಲರದೂ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗುವ ಗಂಟಲು. ಹಾಗಾಗಿ ಒಂಬತ್ತನೇ ವಯಸ್ಸಿನ ಜ್ವರದಲ್ಲಿ ನನ್ನ ಕಿವಿ ಹೋದದ್ದು ಮನೆಯವರಿಗೆ ಗೊತ್ತಾಗಲು ಒಂದು ವರ್ಷವೇ ಹಿಡಿಯಿತು. ಗೊತ್ತಾದ ಮೇಲೆ ಅಮ್ಮ ಅತ್ತಳು, ನಾನು ಅಳಲಿಲ್ಲ. ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತೆ, ಬಿ.ಕಾಂ. ಮಾಡಿದೆ, ಕಂಪ್ಯೂಟರ್ ಕೋರ್ಸ್ ಮಾಡಿದೆ, ಅಮ್ಮತ್ತಿಯ ಹತ್ತಿರ ಒಂದು ಕಾಫಿ ಎಸ್ಟೇಟಿನ ಆಫೀಸಿಗೆ ಸೇರಿದೆ. ಸೇರಿ ಇಪ್ಪತ್ತೆರಡು ವರ್ಷವಾಯಿತು.

ತುಟಿ ನೋಡಿ ಬದುಕುವವರಿಗೆ ಕೊಡಗಿಗಿಂತ ಕಷ್ಟದ ಜಾಗ ಇನ್ನೊಂದಿರಲಾರದು. ಇಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಶುರುವಾಗಿ, ನಡುವೆ ಕೊಡವ ತಕ್ಕಿಗೆ ಹೊರಳಿ, ಮಲಯಾಳದಲ್ಲಿ ಮುಗಿಯುತ್ತದೆ. ಆಳುಗಳ ಲೈನುಮನೆಗಳ ಹೆಂಗಸರ ಹತ್ತಿರ ತಮಿಳು, ಲಾರಿಯವರ ಹತ್ತಿರ ತುಳು, ಗ್ಯಾರೇಜಿನಲ್ಲಿ ಉರ್ದು. ಕಿವಿ ಇರುವವರಿಗೆ ಇದು ಸೊಗಸು. ನನಗೆ ಓದಲು ಬರುವುದು ಕನ್ನಡದ ತುಟಿ ಮಾತ್ರ. ಭಾಷೆ ಬದಲಾದ ಕೂಡಲೇ ಎದುರಿನ ಬಾಯಿ ಸುಮ್ಮನೆ ತೆರೆದು ಮುಚ್ಚತೊಡಗುತ್ತದೆ. ಅದರ ಮೇಲೆ ಮೀಸೆ ಬೇರೆ. ನಮ್ಮ ಮ್ಯಾನೇಜರ ಮೀಸೆ ಮೇಲ್ದುಟಿಯನ್ನು ಪೂರ್ತಿ ಮುಚ್ಚಿದೆ, ಅವರ ಮಾತಿನ ಅರ್ಧವನ್ನು ಹನ್ನೊಂದು ವರ್ಷದಿಂದ ನಾನು ಊಹೆಯ ಮೇಲೇ ನಡೆಸಿಕೊಂಡು ಬಂದಿದ್ದೇನೆ.

ಎಸ್ಟೇಟಿನಲ್ಲಿ ದಿನ ಶುರುವಾಗುವುದು ಮಳೆಯ ಸುದ್ದಿಯಿಂದ. ಐದು ಡಿವಿಷನ್ನಿನಲ್ಲೂ ಒಂದೊಂದು ಮಳೆಮಾಪಕ ಇದೆ. ಆಯಾ ಡಿವಿಷನ್ನಿನ ರೈಟರು, ಅಂದರೆ ಆಳುಗಳ ಹಾಜರಿ ಹಿಡಿದು ಕೆಲಸ ಹಂಚುವ ಗುಮಾಸ್ತರು, ಬೆಳಿಗ್ಗೆ ಎಂಟಕ್ಕೆ ಅದನ್ನು ಅಳೆದು ಮುಖ್ಯ ಆಫೀಸಿಗೆ ಫೋನ್ ಮಾಡಬೇಕು. ನೂರು ಸೆಂಟ್ ಅಂದರೆ ಒಂದು ಇಂಚು. ಮಳೆ ಬರದಿದ್ದರೆ ಬರಲಿಲ್ಲ ಅನ್ನುವುದಕ್ಕೂ ಫೋನ್ ಮಾಡಬೇಕು. ಆ ಫೋನಿನಲ್ಲೇ ಉಳಿದ ಸುದ್ದಿಯೂ ಬರುತ್ತದೆ: ಯಾವ ಬ್ಲಾಕಿನಲ್ಲಿ ಆನೆ ನಿಂತಿದೆ, ಯಾವ ಮೋಟರು ಕೆಟ್ಟಿದೆ, ಯಾರ ಮನೆಯಲ್ಲಿ ಮಗು ಹುಟ್ಟಿತು.

ಫೋನ್ ಇದ್ದದ್ದು ನನ್ನ ಪಕ್ಕದ ಟೇಬಲ್ಲಿನವಳ ಹತ್ತಿರ. ಕೊಡವರ ಹೆಂಗಸು, ನನಗಿಂತ ಎರಡು ವರ್ಷ ದೊಡ್ಡವಳು, ಒಳ್ಳೆಯವಳು. ಅವಳು ಹತ್ತು ನಿಮಿಷ ಮಾತಾಡಿ, ನಕ್ಕು, ಅಯ್ಯೋ ಅಂದು, ಹಣೆ ಚಚ್ಚಿಕೊಂಡು, ಕೊನೆಗೆ ಒಂದು ಚೀಟಿಯನ್ನು ನನ್ನ ಕಡೆ ತಳ್ಳುತ್ತಿದ್ದಳು. ಚೀಟಿಯಲ್ಲಿ ಒಂದು ಅಂಕಿ. ನಾನು ಅದನ್ನು ನಮ್ಮ ಹಳೆಯ ಆಫೀಸ್ ಸಾಫ್ಟ್‌ವೇರಿಗೆ ತುಂಬಿ ಹೆಡ್ ಆಫೀಸಿಗೆ ಕಳಿಸಬೇಕು. ಅಷ್ಟು ಹೊತ್ತು ಏನು ಮಾತು ಎಂದು ಕೇಳಿದರೆ ಅವಳ ಉತ್ತರ ಒಂದೇ, ಏನಿಲ್ಲ, ಮಾಮೂಲು. ಅವಳಿಗೆ ಅದು ಸುಳ್ಳಲ್ಲ. ಕಿವಿಯಿರುವವರು ದಿನಕ್ಕೆ ಸಾವಿರ ಮಾತು ಕೇಳಿ ಸಾವಿರವನ್ನೂ ಮರೆಯುತ್ತಾರೆ, ಆ ಮರೆಯುವ ಮಾತುಗಳೇ ನನಗೆ ಬೇಕಾಗಿದ್ದವು.

ಮೂರನೇ ಡಿವಿಷನ್ನಿನ ರೈಟರು ಮಗಳ ಮದುವೆಗೆ ಆಫೀಸಿನವರನ್ನೆಲ್ಲ ಕರೆದದ್ದೂ ಆ ಫೋನಿನಲ್ಲೇ. ನನಗೆ ಗೊತ್ತಿದೆ ಅಂತ ಇವಳು ಅಂದುಕೊಂಡಳು, ಇವಳು ಹೇಳುತ್ತಾಳೆ ಅಂತ ಅವರು ಅಂದುಕೊಂಡರು. ಮದುವೆಯ ದಿನ, ಸೋಮವಾರ, ಹನ್ನೊಂದು ಗಂಟೆಯಾದರೂ ಯಾರೂ ಬಾರದೆ ಇದ್ದಾಗ ನಾನು ಕ್ಯಾಲೆಂಡರ್ ನೋಡಿ, ರಜೆಯೇನೋ ಎಂದು ಎರಡು ಸಲ ಹಾಳೆ ತಿರುಗಿಸಿದೆ. ಮರುದಿನ ಅವಳು ಲಾಡು ತಂದುಕೊಟ್ಟಳು. ನಾನು ತಿನ್ನಲಿಲ್ಲ. ನನ್ನ ಕೋಪ ಅವಳಿಗೆ ಅರ್ಥವೂ ಆಗಲಿಲ್ಲ.

ಇಂಥ ಹೊತ್ತಿನಲ್ಲಿ ಹೆಡ್ ಆಫೀಸಿನವರು ಮೆಸೆಂಜರ್ ತಂದರು. ಜನವರಿಯಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ಅವರ ಕಂಪ್ಯೂಟರ್ ತಜ್ಞ ಬಂದ. ಹಾಜರಿ, ಸ್ಟೋರು, ಮಳೆ, ಮೇಲ್ ಎಲ್ಲ ಹಳೆಯ ಸಾಫ್ಟ್‌ವೇರಿನಲ್ಲೇ ಇರುತ್ತದೆ, ಅದರ ಪಕ್ಕದಲ್ಲೇ ಮೆಸೆಂಜರ್ ಕೂರುತ್ತದೆ, ಒಂದು ಇನ್ನೊಂದನ್ನು ಮುಟ್ಟುವುದಿಲ್ಲ ಎಂದು ವಿವರಿಸಿದ. ಮ್ಯಾನೇಜರ ಕಂಪ್ಯೂಟರಿಗೆ ಹಾಕಿದ, ಊಟ ಮಾಡಿದ, ಉಳಿದ ಕಡೆ ಹೇಗೆ ಹಾಕಬೇಕೆಂಬ ಎರಡು ಹಾಳೆಯನ್ನೂ ಪಾಸ್‌ವರ್ಡನ್ನೂ ನನ್ನ ಕೈಗೆ ಕೊಟ್ಟು ಮೂರು ಗಂಟೆಯ ಬಸ್ಸಿಗೆ ಹೊರಟುಹೋದ. ಕಂಪ್ಯೂಟರ್ ಓದಿದವಳು ಆಫೀಸಿನಲ್ಲಿ ನಾನೊಬ್ಬಳೇ. ಅದಕ್ಕಿಂತ ಹೆಚ್ಚಾಗಿ, ಅವನು ಬರೆದು ಕೊಟ್ಟಿದ್ದ. ನನ್ನ ಜೀವಮಾನದಲ್ಲಿ ಒಂದು ಕೆಲಸದ ಸೂಚನೆ ಪೂರ್ತಿಯಾಗಿ, ಯಾರ ಬಾಯಿಂದಲೂ ಸೋಸದೆ, ನನ್ನ ಕೈಗೆ ಬಂದದ್ದು ಅಪರೂಪ. ನಾನು ಆ ಹಾಳೆಗಳನ್ನು ಕಥೆ ಓದಿದ ಹಾಗೆ ಓದಿದೆ.

ಮೂರು ವಾರ ಜೀಪಿನಲ್ಲಿ ಡಿವಿಷನ್ನಿಂದ ಡಿವಿಷನ್ನಿಗೆ ಹೋದೆ. ಹಳೆಯ ಕಂಪ್ಯೂಟರುಗಳು, ಒಂದನ್ನು ತೆರೆದಾಗ ಒಳಗೆ ಹಲ್ಲಿಯ ಮೊಟ್ಟೆ ಇತ್ತು. ಒಂದು ಇನ್ನೊಂದನ್ನು ಮುಟ್ಟುವುದಿಲ್ಲ ಎಂದು ತಜ್ಞ ಹೇಳಿದ್ದು ಶುದ್ಧ ಸುಳ್ಳು. ಹಳೆಯ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುತ್ತಿರುವಾಗಲೇ ಮೆಸೆಂಜರಿನ ಕಿಟಕಿ ಎದ್ದು ಮುಂದೆ ಬರುತ್ತಿತ್ತು, ಅರ್ಧ ವಾಕ್ಯ ಅಲ್ಲಿ, ಅರ್ಧ ವಾಕ್ಯ ಇಲ್ಲಿ. ಹೆಡ್ ಆಫೀಸಿನವರಿಗೆ ತಲೆ ಎಲ್ಲಿದೆ ಎಂದು ಕೇಳಿ ಮ್ಯಾನೇಜರು ಬೇರೆ ಎಸ್ಟೇಟಿನ ಗೆಳೆಯನಿಗೆ ಮೇಲ್ ಬರೆಯುತ್ತಿದ್ದರು. ಕಿಟಕಿ ಮುಂದೆ ಬಂತು, ಪ್ರಶ್ನೆ ನೇರವಾಗಿ ಹೆಡ್ ಆಫೀಸಿಗೇ ಹೋಯಿತು. ಆ ದಿನದಿಂದ ಅವರು ಮೆಸೆಂಜರನ್ನು ದ್ವೇಷಿಸಿದರು. ನಾನು ಸೆಟ್ಟಿಂಗುಗಳನ್ನೆಲ್ಲ ಒಂದೊಂದೇ ಹುಡುಕಿ, ಆ ಕಿಟಕಿ ತಾನಾಗಿ ಏಳದಂತೆ ಮಾಡಿದೆ. ಹೆಡ್ ಆಫೀಸಿನ ತಜ್ಞನಿಗೆ ಬಗೆಹರಿಯದ್ದು ನನಗೆ ಬಗೆಹರಿದದ್ದಕ್ಕೆ ನಾಲ್ಕು ದಿನ ತಲೆ ಎತ್ತಿಕೊಂಡು ಓಡಾಡಿದೆ. ಎಲ್ಲರ ಮೊಬೈಲಿಗೂ ಮೆಸೆಂಜರ್ ಹಾಕಿಕೊಟ್ಟೆ. ಕೊನೆಗೆ ಆಫೀಸಿನ ಫೋನ್ ತೆಗೆಸಿದರು, ಇನ್ನು ಎಲ್ಲ ವರದಿಯೂ ಮೆಸೆಂಜರಿನಲ್ಲೇ ಎಂದು ಆದೇಶ ಬಂತು.

ಮೊದಲ ಬೆಳಿಗ್ಗೆ ನನ್ನ ಸ್ಕ್ರೀನಿನ ಮೇಲೆ ಸಾಲಾಗಿ ಬಂದವು. ಒಂದನೇ ಡಿವಿಷನ್, ಮಳೆ ಇಲ್ಲ. ಎರಡನೇ ಡಿವಿಷನ್, ಮಳೆ ಇಲ್ಲ, ಆನೆ ಕೆರೆಯ ಹತ್ತಿರ ಇದೆ. ಮೂರನೇ ಡಿವಿಷನ್, ಬರೀ ಒಂದು ಸೊನ್ನೆ. ಐದನೇ ಡಿವಿಷನ್, ಮಳೆ ಇಲ್ಲ, ನಮ್ಮ ನಾಯಿ ಕಾಣೆಯಾಗಿದೆ, ಕಂಡವರು ತಿಳಿಸಿ. ಅದಕ್ಕೆ ಯಾರೋ, ನಾಯಿ ಕಾಫಿ ಬೇಡ ಅಂತ ಟೀ ಎಸ್ಟೇಟಿಗೆ ಹೋಗಿರಬಹುದು ಎಂದು ಬರೆದರು. ಪಕ್ಕದವಳು ನಕ್ಕಳು. ಅವಳು ನಕ್ಕ ಹೊತ್ತಿಗೇ ನಾನೂ ನಕ್ಕೆ. ಇದು ಎಷ್ಟು ದೊಡ್ಡದು ಎಂದು ಕಿವಿಯಿರುವವರಿಗೆ ವಿವರಿಸಲಾರೆ. ಎಲ್ಲರೂ ನಗುವಾಗ ನಕ್ಕಂತೆ ಮಾಡಿ, ಆಮೇಲೆ ಕಾರಣ ಕೇಳಿ, ಅದು ತಣ್ಣಗಾದ ಮೇಲೆ ಇನ್ನೊಮ್ಮೆ ನಗುವುದು ನನ್ನ ರೂಢಿಯಾಗಿತ್ತು.

ನನ್ನ ಆ ಸುಖ ಎಂಟೇ ದಿನ ಬಾಳಿತು. ಒಂಬತ್ತನೇ ದಿನ ನಾಲ್ಕನೇ ಡಿವಿಷನ್ನಿನಿಂದ ಅಕ್ಷರದ ಬದಲು ಒಂದು ನೀಲಿ ಪಟ್ಟಿ ಬಂತು, ಪಕ್ಕದಲ್ಲಿ ಮೈಕಿನ ಗುರುತು. ಮೈಕನ್ನು ಒತ್ತಿ ಹಿಡಿದು ಮಾತಾಡಿದರೆ ಸಾಕು, ಬರೆಯುವ ತಾಪತ್ರಯ ಇಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಒಂದು ವಾರದಲ್ಲಿ ಐದೂ ಡಿವಿಷನ್ನುಗಳಿಂದ ನೀಲಿ ಪಟ್ಟಿಗಳೇ. ಇಲ್ಲಿ ಕನ್ನಡ ಎಲ್ಲರ ಬಾಯಲ್ಲೂ ಇದೆ, ಎಲ್ಲರ ಕೈಯಲ್ಲೂ ಇಲ್ಲ, ಅದು ನನಗೆ ಆಮೇಲೆ ಹೊಳೆಯಿತು. ಆಗ ಹೊಳೆದದ್ದು ಒಂದೇ: ಫೋನಿದ್ದಾಗ ಪಕ್ಕದವಳ ಮುಖವನ್ನಾದರೂ ನೋಡುತ್ತಿದ್ದೆ, ಈಗ ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಗೋಡೆಯ ಕಡೆ ತಿರುಗಿ ಕೂರುತ್ತಾಳೆ, ಆಮೇಲೆ ಮತ್ತೆ ಚೀಟಿ ತಳ್ಳುತ್ತಾಳೆ. ನಾನೇ ಹೊತ್ತುಕೊಂಡು ಹೋಗಿ, ನಾನೇ ಹಾಕಿ, ನಾನೇ ರಿಪೇರಿ ಮಾಡಿದ ಯಂತ್ರ ನನ್ನನ್ನೇ ಹೊರಗೆ ಹಾಕಿತ್ತು.

ಮೊದಲು ಮರ್ಯಾದೆಯಿಂದ ಕೇಳಿದೆ. ನನಗೆ ಕೇಳಿಸುವುದಿಲ್ಲ, ದಯವಿಟ್ಟು ಬರೆದು ತಿಳಿಸಿ ಎಂದು ಎಲ್ಲರಿಗೂ ಮೆಸೇಜ್ ಹಾಕಿದೆ. ಐದು ಉತ್ತರ ಬಂದವು, ಐದೂ ನೀಲಿ ಪಟ್ಟಿ. ಪಕ್ಕದವಳು ಒಂದೊಂದನ್ನೇ ಕೇಳಿ, ಎಲ್ಲರೂ ಆಯ್ತು ಮೇಡಂ ಅಂದಿದ್ದಾರೆ ಎಂದು ಹೇಳಿದಳು. ಅವಳಿಗೇ ನಗು ತಡೆಯಲಾಗಲಿಲ್ಲ. ನಾನು ನಗಲಿಲ್ಲ. ಮರುದಿನವೇ ಆ ಬುಧವಾರ.

ಮೈಕಿನ ಬಟನ್ ಹೋದ ಮೇಲೆ ನಾಲ್ಕು ಡಿವಿಷನ್ನುಗಳವರು ಗೊಣಗುತ್ತಾ ದಾರಿಗೆ ಬಂದರು. ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರು, ಒಬ್ಬರು ಮಗಳ ಕೈಲಿ ಬರೆಸಿದರು, ಇಬ್ಬರಿಗೆ ಕನ್ನಡ ಬರುತ್ತಿತ್ತು, ಬೆರಳಿಗೆ ಸೋಮಾರಿತನ ಅಷ್ಟೇ. ಮೂರನೇ ಡಿವಿಷನ್ ಮಾತ್ರ ನಾಲ್ಕು ದಿನ ಖಾಲಿ. ಐದನೇ ದಿನ ಅಲ್ಲಿಂದಲೂ ಬಂತು. ಎರಡು ಸಾಲು, ಮಲಯಾಳದ ಅಕ್ಷರ.

ನನಗೆ ಒಂದಕ್ಷರ ಬರುವುದಿಲ್ಲ. ಫೋನಿನಲ್ಲಿ ಅನುವಾದ ಮಾಡುವ ಆ್ಯಪಿಗೆ ಹಾಕಿದೆ, ಅದು ಕಕ್ಕಾಬಿಕ್ಕಿಯಾಗಿ ಏನೇನೋ ಉಗುಳಿತು. ಮ್ಯಾನೇಜರು ನೋಡಿ, ಜಿಲೇಬಿ ಸುತ್ತಿದ್ದಾರೆ, ಮಳೆಯ ಅಂಕಿ ಕಾಣುತ್ತಲ್ಲ, ಅಷ್ಟು ಸಾಕು ಅಂದರು. ಅಂಕಿಯನ್ನು ರೈಟರು ಎಲ್ಲರಿಗೂ ತಿಳಿಯುವ ಹಾಗೇ ಬರೆದಿದ್ದರು. ಸೊನ್ನೆ.

ಮರುದಿನ ಮಧ್ಯಾಹ್ನ ಆ ರೈಟರೇ ಆಫೀಸಿಗೆ ಬಂದರು. ಅರವತ್ತರ ಹತ್ತಿರದ ಮನುಷ್ಯ, ಮೀಸೆ ಇಲ್ಲ, ಮುಖ ಎದುರಿಗಿಟ್ಟು ನಿಧಾನವಾಗಿ ಮಾತಾಡುತ್ತಾರೆ. ಇಡೀ ಎಸ್ಟೇಟಿನಲ್ಲಿ ನನಗೆ ಪೂರ್ತಿ ಅರ್ಥವಾಗುತ್ತಿದ್ದದ್ದು ಅವರ ಕನ್ನಡ. ನನ್ನ ಟೇಬಲ್ಲಿನ ಮುಂದೆ ನಿಂತು ಹೇಳಿದರು. ಘಟ್ಟದ ಆ ಕಡೆ ಏಳನೇ ಕ್ಲಾಸಿನವರೆಗೆ ಮಲಯಾಳ ಓದಿದ್ದು, ಹದಿನೈದನೇ ವಯಸ್ಸಿಗೆ ಇಲ್ಲಿಗೆ ಬಂದದ್ದು. ಹಾಜರಿ ಪುಸ್ತಕದ ಹೆಸರುಗಳನ್ನು ಅಚ್ಚಾದ ಪಟ್ಟಿ ನೋಡಿ ಇಂಗ್ಲಿಷಿನಲ್ಲಿ ನಕಲು ಮಾಡುತ್ತಾರೆ. ಇಷ್ಟು ವರ್ಷದಲ್ಲಿ ಒಂದು ವಾಕ್ಯ ಬರೆದು ಕೊಡಿ ಎಂದು ಯಾರೂ ಅವರನ್ನು ಕೇಳಿರಲಿಲ್ಲ.

“ನಿಮಗೆ ಕೇಳೋದಿಲ್ಲ ಅಂತ ನನ್ನ ಬಾಯಿ ಮುಚ್ಚಿಸೋದಾ?” ಅಂದರು.

ನನಗೆ ಉರಿಯಿತು. ನನ್ನ ಬಾಯಿಗೂ ಬಂತು, “ಇಷ್ಟು ವರ್ಷ ನೀವೆಲ್ಲ ಬಾಯಿಬಿಟ್ಟು ಮಾತಾಡಿದ್ರಲ್ಲ, ನನ್ನ ಕಿವಿಗೆ ಏನು ಹಾಕಿದ್ರಿ?” ನನ್ನ ಧ್ವನಿ ಎಷ್ಟು ದೊಡ್ಡದೆಂದು ನನಗೆ ತಿಳಿಯುವುದಿಲ್ಲ, ಎದುರಿನವರ ಮುಖ ನೋಡಿ ಅಂದಾಜು ಮಾಡಬೇಕು. ಹೊರಗೆ ನಿಂತಿದ್ದ ಜೀಪ್ ಡ್ರೈವರ್ ಕೂಡ ಒಳಗೆ ಇಣುಕಿದ. ರೈಟರು, ಬರೆದು ಕೊಡಿ ಅಂದ್ರಿ, ಬರೀತೇನೆ, ಓದೋದು ನಿಮ್ಮ ಕೆಲಸ ಅಂದು ಹೋದರು.

ಅವರು ಹೋದ ಮೇಲೆ ನನಗೆ ಕೋಪದಷ್ಟೇ ನಾಚಿಕೆಯೂ ಆಯಿತು. ಅವರು ಸುಳ್ಳು ಹೇಳಿರಲಿಲ್ಲ. ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಿದ್ದೆ. ಹಾಗಂತ ಬಟನ್ ವಾಪಸ್ ಹಾಕುವ ಮನಸ್ಸು ಬರಲಿಲ್ಲ, ಹಾಕಿದರೆ ನಾನು ಮತ್ತೆ ಚೀಟಿ ಕಾಯುವವಳು. ಓದೋದು ನನ್ನ ಕೆಲಸ ಅಂದರಲ್ಲ, ಓದೇ ತೋರಿಸುತ್ತೇನೆ ಎಂದು ಹಟ ಹಿಡಿದೆ.

ಅಮ್ಮತ್ತಿಯಲ್ಲಿ ಬಸ್ಸು ಕಾಯುವ ಜಾಗದ ಎದುರಿಗೆ ಒಂದು ಹೋಟೆಲಿದೆ, ಅದರ ಯಜಮಾನರು ದಿನವೂ ಮಲಯಾಳ ಪೇಪರ್ ಓದುತ್ತಾರೆ. ಅವರ ಹತ್ತಿರ ಅಕ್ಷರಮಾಲೆ ಬರೆಸಿಕೊಂಡೆ. ಅ ಆ ಇ ಈ, ಕ ಖ ಗ ಘ, ನಮ್ಮದೇ ಸಾಲು, ಬೇರೆ ಉಡುಪು. ಕೆಳಗೆ ಕನ್ನಡದ ಅಕ್ಷರ ಬರೆದುಕೊಂಡು ದಿನವೂ ಬಸ್ಸಿನಲ್ಲಿ ತಿದ್ದಿದೆ. ಮೆಸೇಜನ್ನು ಅವರ ಮುಂದೆ ಹಿಡಿದಿದ್ದರೆ ಎರಡು ನಿಮಿಷದಲ್ಲಿ ಓದಿ ಹೇಳುತ್ತಿದ್ದರು. ಹಿಡಿಯಲಿಲ್ಲ. ಮತ್ತೊಬ್ಬರ ಬಾಯಿಂದ ಕೇಳುವುದು ಸಾಕಾಗಿತ್ತು. ಆ ಸೊಕ್ಕಿಗೆ ಬೆಲೆ ತೆತ್ತದ್ದು ನಾನೊಬ್ಬಳೇ ಅಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಅದೇ ವಾರ ಭಾನುವಾರ ಸಂಜೆ ಒಂದು ತುಂತುರು ಬಂತು. ಸೋಮವಾರ ಬೆಳಿಗ್ಗೆ ಎಲ್ಲ ಡಿವಿಷನ್ನುಗಳ ಅಂಕಿ ಬಂದವು, ಮೂರನೇ ಡಿವಿಷನ್ನಿನದು ಹದಿನೆಂಟು ಸೆಂಟ್. ಕಾಫಿಗೆ ಹೂಮಳೆ ಅಂದರೆ ಕಡಿಮೆಯೆಂದರೂ ಒಂದು ಇಂಚು ಬೀಳಬೇಕು. ಹದಿನೆಂಟು ಸೆಂಟ್ ಮಳೆ ಏನೂ ಬಾರದ್ದಕ್ಕಿಂತ ಕೆಟ್ಟದ್ದು. ಮೊಗ್ಗು ಎಚ್ಚೆತ್ತುಕೊಳ್ಳುತ್ತದೆ, ನೀರು ಸಾಲದೆ ಅರಳಲಾರದೆ ಕರಟುತ್ತದೆ. ತಕ್ಷಣ ಸ್ಪ್ರಿಂಕ್ಲರ್ ಹಾಕಿ ಬಾಕಿ ನೀರು ಕೊಡಬೇಕು. ಮ್ಯಾನೇಜರು ಎಲ್ಲರಿಗೂ ಹಾಗೆಂದು ಮೆಸೇಜ್ ಹಾಕಿದರು. ನಾಲ್ಕು ಕಡೆಯಿಂದ ಹೆಬ್ಬೆರಳಿನ ಗುರುತು ಬಂತು. ಮೂರನೇ ಡಿವಿಷನ್ನಿನಿಂದ ಉದ್ದಕ್ಕೆ ಜಿಲೇಬಿ ಬಂತು. ಅದನ್ನೂ ಹೂಂ ಎಂದೇ ಮ್ಯಾನೇಜರು ತಿಳಿದರು.

ಒಂಬತ್ತು ದಿನ ಬಿಟ್ಟು ಮ್ಯಾನೇಜರು ಮೂರನೇ ಡಿವಿಷನ್ನಿಗೆ ಹೋದರು. ಮೇಲಿನ ಹನ್ನೆರಡು ಎಕರೆಯಲ್ಲಿ ಮೊಗ್ಗೆಲ್ಲ ಕಂದು ತಿರುಗಿತ್ತು. ಪೈಪು ಒಡೆದು ಬಿದ್ದಿತ್ತು, ನೀರೇ ಹಾಯಿಸಿರಲಿಲ್ಲ. ಅವರು ರೈಟರ ಮೇಲೆ ಹಾರಾಡಿದರಂತೆ, ರೈಟರು ನಾನು ಬರೆದಿದ್ದೇನೆ ಎಂದಷ್ಟೇ ಹೇಳಿದರಂತೆ. ನಾಳೆ ಎಲ್ಲ ರೈಟರುಗಳ ಮೀಟಿಂಗ್ ಎಂದು ಮೆಸೇಜ್ ಬಂತು. ಮೂರನೇ ಡಿವಿಷನ್ನಿನವರನ್ನು ಮನೆಗೆ ಕಳಿಸುತ್ತಾರೆ, ಮೆಸೆಂಜರನ್ನು ನಿನ್ನ ಕೈಯಿಂದ ತೆಗೆದು ನಿನ್ನನ್ನು ಸ್ಟೋರಿಗೆ ಹಾಕುತ್ತಾರೆ ಎಂದು ಪಕ್ಕದವಳು ಕಾಗದದ ಮೇಲೆ ಬರೆದು ತೋರಿಸಿದಳು. ಅವಳು ನನಗೆ ಚೀಟಿಯಲ್ಲಿ ಪೂರ್ತಿ ವಾಕ್ಯ ಬರೆದದ್ದು ಅದೇ ಮೊದಲು. ಸ್ಟೋರು ಅಂದರೆ ಗೊಬ್ಬರದ ಮೂಟೆ, ಕತ್ತಿ, ಸುಣ್ಣ. ಅಲ್ಲಿ ಯಾರ ಸುದ್ದಿಯೂ ಬರುವುದಿಲ್ಲ.

ನಾನು ಅಕ್ಷರಗಳ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ತುಂತುರು ಬಂದ ಮರುದಿನದ ಆ ಉದ್ದ ಮೆಸೇಜನ್ನು ತೆಗೆದೆ. ಅಷ್ಟು ದಿನ ಒಂದೊಂದು ಪದ ಹಿಡಿಯುವುದಕ್ಕೇ ಬೆವರುತ್ತಿದ್ದೆ. ಅವತ್ತು ಕೂಡಕ್ಷರಗಳೂ ಬಿಟ್ಟುಕೊಂಡವು. ಆ್ಯಪು ಯಾಕೆ ಸೋತಿತು ಎಂದೂ ಗೊತ್ತಾಯಿತು. ಅಕ್ಷರ ಮಾತ್ರ ಮಲಯಾಳದ್ದು, ಮಾತು ಕನ್ನಡ. ಅವರು ನನಗೆ ಕನ್ನಡದಲ್ಲೇ ಬರೆದಿದ್ದರು, ತಮಗೆ ಬರುವ ಅಕ್ಷರದಲ್ಲಿ. ಒಂದು ಗಂಟೆ ಹಿಡಿದು ಓದಿದೆ.

ಮರುದಿನ ಬಸ್ಸಿನಲ್ಲಿ ಬರುವಾಗ ನನ್ನ ತಲೆಯಲ್ಲಿ ಏನಿತ್ತೆಂದು ಹೇಳಿಬಿಡುತ್ತೇನೆ. ಆ ಮೆಸೇಜನ್ನು ಓದಬಲ್ಲವರು ಆಫೀಸಿನಲ್ಲಿ ಯಾರೂ ಇಲ್ಲ. ನನಗೆ ಆ ಅಕ್ಷರ ಬರುತ್ತದೆಂದು ಒಬ್ಬರಿಗೂ ಗೊತ್ತಿಲ್ಲ. ನಾನು ಸುಮ್ಮನಿದ್ದರೆ ತಪ್ಪೆಲ್ಲ ಅವರ ತಲೆಗೆ ಹೋಗುತ್ತದೆ, ಮಾತಾಡಿದರೆ ಬಟನ್ ತೆಗೆದವಳ ತಲೆಗೆ ಬರುತ್ತದೆ. ಮದುವೆಗೆ ಕರೆಯದ ಮನುಷ್ಯ ಎಂದೂ ಒಮ್ಮೆ ನೆನೆದೆ. ಅಷ್ಟು ಸಣ್ಣವಳಾದೆ.

ಮೀಟಿಂಗಿನಲ್ಲಿ ಮ್ಯಾನೇಜರು ಮೇಜಿನ ತಲೆಗೆ, ರೈಟರುಗಳು ಗೋಡೆಯ ಬದಿಗೆ. ಮೂರನೇ ಡಿವಿಷನ್ನಿನವರು ಬಾಗಿಲ ಹತ್ತಿರ ಕಡೆಯ ಕುರ್ಚಿಯಲ್ಲಿ ಕೂತಿದ್ದರು. ಮ್ಯಾನೇಜರು ಏನು ಹೇಳಿದರೋ, ಮೀಸೆಯ ಅಡಿಯಲ್ಲಿ ಅಷ್ಟಿಷ್ಟು ಹಿಡಿದೆ. ಪೈಪು ಒಡೆದದ್ದು ಯಾಕೆ ತಿಳಿಸಲಿಲ್ಲ ಎಂದು ಕೇಳುತ್ತಿದ್ದರು. ಪಕ್ಕದವಳ ಮೊಬೈಲಿಗಾದರೂ ಫೋನ್ ಮಾಡಬಾರದಿತ್ತೇ ಎಂದರು. ರೈಟರು ತಮ್ಮ ಫೋನನ್ನು ಎತ್ತಿ ತೋರಿಸಿದರು. “ಬರೀರಿ ಅಂದ್ರು. ಬರೆದಿದ್ದೇನೆ.” ಮ್ಯಾನೇಜರು ಕೈಯಾಡಿಸಿ, ಅದರಲ್ಲಿ ನೀನು ಏನು ಬರೆದಿದ್ದೀಯೋ ಯಾರಿಗೆ ಗೊತ್ತು ಅಂದರು.

“ನನಗೆ ಗೊತ್ತು,” ಅಂದೆ. “ನಾನು ಓದಿದೀನಿ.”

ರೈಟರು ನನ್ನನ್ನು ನೋಡಿದರು. ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸಿದರು. ಯಾಕೆಂದು ನನಗೆ ಗೊತ್ತಿತ್ತು. ನಾನು ಎದ್ದು ನಿಂತು, ನನ್ನ ಫೋನಿನ ಸ್ಕ್ರೀನಿನ ಮೇಲಿನ ಸಾಲಿಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. “ಮಳೆ ಹದಿನೆಂಟು ಸೆಂಟ್. ಮೇಲಿನ ಬ್ಲಾಕಿನ ದೊಡ್ಡ ಪೈಪು ಆನೆ ತುಳಿದು ಒಡೆದಿದೆ. ಸ್ಪ್ರಿಂಕ್ಲರ್ ಓಡುವುದಿಲ್ಲ. ಇವತ್ತೇ ಜನ ಕಳಿಸಿ, ಇಲ್ಲದಿದ್ದರೆ ಹೂ ಹೋಗುತ್ತದೆ. ಈ ಕಿವುಡಿ ಇದನ್ನು ಓದುವುದಿಲ್ಲ. ಓದದಿದ್ದರೂ ನಾನು ಬರೆಯುವುದು ಬಿಡುವುದಿಲ್ಲ.”

ಆ ಪದವನ್ನು ಮೆಲ್ಲಗೆ ಹೇಳಲಿಲ್ಲ. ಪಕ್ಕದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರೈಟರು ನೆಲ ನೋಡುತ್ತಿದ್ದರು. ಮ್ಯಾನೇಜರಿಗೆ ಮಾತ್ರ ಕೆಲಸ ಸಲೀಸಾಯಿತು. ಹಾಗಾದರೆ ತಪ್ಪು ನಿನ್ನದೇ, ಇವತ್ತೇ ಆ ಬಟನ್ ವಾಪಸ್ ಹಾಕು, ವಾಯ್ಸ್ ಮೆಸೇಜನ್ನೆಲ್ಲ ಕೇಳಿ ನಿನಗೆ ಹೇಳಲು ಒಬ್ಬರನ್ನು ನೇಮಿಸುತ್ತೇನೆ ಅಂದರು. ಇದನ್ನು ಅವರು ನನ್ನ ಕಡೆ ತಿರುಗಿ, ಬಿಡಿಸಿ ಬಿಡಿಸಿ ಹೇಳಿದರು.

“ತಪ್ಪು ನಂದೇ ಸರ್. ಓದೋದು ತಡ ಮಾಡಿದೆ, ಹನ್ನೆರಡು ಎಕರೆ ಹೂ ಹೋಯ್ತು. ಅದಕ್ಕೆ ಏನು ಶಿಕ್ಷೆ ಬೇಕಾದ್ರೂ ಕೊಡಿ, ಅವರಿಗೆ ಕೊಡಬೇಡಿ. ಆದ್ರೆ ನನಗೆ ಇನ್ನೊಬ್ಬರ ಕಿವಿ ಬೇಡ. ಬಟನ್ ನಾನು ಹಾಕಲ್ಲ. ಹಾಕಲೇಬೇಕು ಅಂದ್ರೆ ಪಾಸ್‌ವರ್ಡ್ ಬರೆದು ಕೊಡ್ತೀನಿ, ಬೇರೆಯವರ ಕೈಲಿ ಹಾಕಿಸಿ, ನನ್ನನ್ನ ಸ್ಟೋರಿಗೆ ಕಳಿಸಿ.”

ಕೂತೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಒಬ್ಬರು ಕನ್ನಡ, ಒಬ್ಬರು ಕೊಡವ ತಕ್ಕ್, ಒಬ್ಬರು ತಮಿಳು. ಐದಾರು ಬಾಯಿ ತೆರೆದು ಮುಚ್ಚುತ್ತಿದ್ದವು. ನನ್ನ ವಿಷಯವನ್ನೇ ತೀರ್ಮಾನ ಮಾಡುತ್ತಿದ್ದಾರೆ, ನನ್ನ ಎದುರಿಗೇ ಮಾಡುತ್ತಿದ್ದಾರೆ, ನನಗೆ ಒಂದು ಮಾತೂ ಸಿಗುತ್ತಿಲ್ಲ. ಮ್ಯಾನೇಜರು ಒಂದು ಬಿಳಿ ಹಾಳೆ ತೆಗೆದು ನನ್ನ ಕಡೆ ನೂಕಿದರು, ಪಾಸ್‌ವರ್ಡ್ ಬರೆಯಲು. ನಾನು ಪೆನ್ನು ತೆಗೆದೆ.

ಆಗ ಸ್ಕ್ರೀನಿನ ಮೇಲೆ ಒಂದು ಮೆಸೇಜ್ ಬಂತು. ಮೇಜಿನ ಮೇಲಿದ್ದ ಫೋನುಗಳೆಲ್ಲ ಒಮ್ಮೆಗೇ ಬೆಳಗಿದವು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ರೈಟರು ಒಂದೇ ಬೆರಳಿನಲ್ಲಿ ಇನ್ನೂ ಟೈಪ್ ಮಾಡುತ್ತಿದ್ದರು. ಎರಡನೇ ಸಾಲು ಬಂತು, ಮೂರನೆಯದು ಬಂತು, ಎಲ್ಲ ಮಲಯಾಳದ ಅಕ್ಷರ. ಮ್ಯಾನೇಜರು ತಮ್ಮ ಫೋನ್ ನೋಡಿ, ಏನಿದು ಎಂದು ಅವರನ್ನೇ ಕೇಳಿದರು. ಅವರು ತುಟಿ ಬಿಚ್ಚಲಿಲ್ಲ, ಫೋನನ್ನು ಜೇಬಿಗೆ ಹಾಕಿಕೊಂಡು ಕೈಕಟ್ಟಿ ಕೂತರು. ಮ್ಯಾನೇಜರು ಪಕ್ಕದವಳನ್ನು ಕೇಳಿದರು, ಅವಳು ನಾಲ್ಕನೇ ಡಿವಿಷನ್ನಿನವರನ್ನು ಕೇಳಿದಳು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಅವಸರ ಮಾಡಲಿಲ್ಲ. ಒಂದು ಕೋಣೆ ತುಂಬ ಜನ ನನ್ನ ಬಾಯಿ ತೆರೆಯುವುದನ್ನು ಕಾದದ್ದು ಅದೇ ಮೊದಲು, ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಗಿತ್ತು. ಎರಡು ಪದದಲ್ಲಿ ಸಾರಾಂಶ ಹೇಳಿ ಮುಗಿಸಬಹುದಿತ್ತು. ಕಾಯುವವರ ಸಂಕಟ ನನಗೆ ಗೊತ್ತು. ಪೂರ್ತಿ ಓದಿದೆ.

“ಬಟನ್ ಬೇಡ. ನಾನು ಬರೆಯುತ್ತೇನೆ, ನನ್ನ ಅಕ್ಷರದಲ್ಲೇ ಬರೆಯುತ್ತೇನೆ. ಓದುವವರು ಇದ್ದಾರೆ. ಅವರನ್ನು ಸ್ಟೋರಿಗೆ ಹಾಕಿದರೆ ನಾಳೆಯಿಂದ ನನ್ನ ಡಿವಿಷನ್ನಿನ ಮಳೆ ನಿಮಗೆ ಸಿಗುವುದಿಲ್ಲ.”

ಮ್ಯಾನೇಜರು ಪಾಸ್‌ವರ್ಡಿಗೆ ಕೊಟ್ಟಿದ್ದ ಹಾಳೆಯನ್ನು ಖಾಲಿಯಾಗಿಯೇ ತಮ್ಮ ಕಡೆಗೆ ಎಳೆದುಕೊಂಡು, ಇನ್ನೊಮ್ಮೆ ಓದು ಅಂದರು. ಇನ್ನೊಮ್ಮೆ ಓದಿದೆ.